ಒಂಟಿಮಾನು, ಶಾಖಾ ಅಂಚೆ ಕಚೇರಿ

ಚೇಳೂರಿನ ದಾರಿಯಲ್ಲಿ, ಹುಣಸೆಸಾಲು ಮುಗಿದು
ಬಂಡೆಗಳು ಶುರುವಾಗುವ ತಿರುವಿನಲ್ಲಿ
ನಮ್ಮೂರಿನ ಹಳದಿ ಕಲ್ಲು.
ಅದರ ಮೇಲಿದೆ: ಒಂಟೆಮಾನು.

ಪೇಂಟರ್ ನಾರೆಪ್ಪನ ಕೈ
ಒಂದು ಗುಡಿಸನ್ನು ಗುಡಿಸಿಹಾಕಿ
ಎತ್ವ ಕೊಟ್ಟಿತು, ಅಷ್ಟೆ.
ಅವತ್ತೇ ಒಂಟೆ ಊರೊಳಗೆ ಬಂತು.

ಯಾವುದೋ ದಂಡು ಪೆನುಕೊಂಡೆಗೆ ಹೋಗುವಾಗ
ಇಲ್ಲೇ ಕಟ್ಟಿತ್ತಂತೆ ಅದನ್ನು;
ಮೂರೇ ದಿನದಲ್ಲಿ ಕುಂಟೆಯ ನೀರು ಅರ್ಧ ಮಾಡಿತಂತೆ.
ಪಾದದ ಗುರುತೆಂದು ಬಂಡೆಯ ಕುಳಿ ತೋರಿಸುತ್ತಾರೆ,
ನಮ್ಮವ್ವ ಅದರಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.
ಶಾಲೆಯ ಗೋಡೆಗೆ ಮಕ್ಕಳು ಬರೆದ ಒಂಟೆಗೆ
ಎಮ್ಮೆಯ ಕೊಂಬು. ಕಂಡಿದ್ದು ಅದೇ ತಾನೆ.

ಮಾನು ಅಂದರೆ ಮರ, ಒಲೆ ಮುಂದಿನ ತೆಲುಗಿನಲ್ಲಿ.
ಅರ್ಜಿ ಬರೆಯುವ ಕನ್ನಡದಲ್ಲಿ ತಡಕಿದರೆ
ಕೈಗೆ ಸಿಗುವುದು ಮಾನ;
"ಅದೂ ಒಂಟಿಯೇನ್ರಿ?" ಎಂದು ನಕ್ಕಿದ್ದ
ತಾಲೂಕಾಫೀಸಿನ ಗುಮಾಸ್ತ.

ಸರಿ, ಒಂಟಿ ಮರ. ಯಾವ ಮರ?
ಇಪ್ಪೆ ಅನ್ನುತ್ತದೆ ಮೇಲಿನ ಬೀದಿ.
ನೇರಳೆಗಾಗಿ ತೋಳು ಮಡಚುತ್ತದೆ ಕೆಳಗಿನದು.
ಪಂಚಾಯ್ತಿ ಸಸಿ ನೆಡಲು ತೋಡಿದ ಗುಂಡಿ
ಹಾಗೇ ಉಳಿದು
ಮಧ್ಯಾಹ್ನ ಕೋಳಿಗಳು ಮಣ್ಣು ಮೀಯುತ್ತವೆ.

ಪಿಂಚಣಿಗೆ ಬಂದ ಪಿಳ್ಳಕ್ಕನನ್ನು ಕೇಳಿದೆ.
ಹೆಬ್ಬೆಟ್ಟಿನ ನೀಲಿಯನ್ನು ತಲೆಗೂದಲಿಗೆ ಒರೆಸುತ್ತಾ ಅಂದಳು:
"ನಾವ್ಯಾವತ್ತು ಊರನ್ನ ಹೆಸರಿಡ್ದು ಕೂಗಿದೀವಪ್ಪ?
ಊರಿಗೆ ಹೋಗಾನ ಅಂತೀವಿ, ಊರಾಗೈತೆ ಅಂತೀವಿ.
ಹೆಸರಿಟ್ಟೋನು ದಾರಿಹೋಕ.
ಅಷ್ಟು ದೂರದಿಂದ ಅವನಿಗೆ
ನಾವ್ಯಾರೂ ಕಾಣಲಿಲ್ಲ,
ಮರ ಕಾಣಿಸ್ತು."

ನಾನು ಎಣಿಸಿ ಕೊಟ್ಟಿದ್ದನ್ನು ಮತ್ತೆರಡು ಸಲ ಎಣಿಸಿ
ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು
ಊರಿಗೆ.

ನಾಲ್ಕೂವರೆಗೆ ಟಪಾಲು ಚೀಲ ಕಟ್ಟಬೇಕು.
ನನ್ನ ಮೊಹರು ನನಗಿಂತ ಹಳೆಯದು;
ಅದರ ಎರಡನೇ ಅಕ್ಷರದ ತಲೆ ಸವೆದು
ಗುಡಿಸೋ ಎತ್ವವೋ
ಕನ್ನಡಕ ಹಾಕಿದರೂ ಹೇಳಲಾಗದು.
ಕುಟ್ಟುತ್ತೇನೆ. ಮಸಿ ಹತ್ತಿದಷ್ಟು ಊರು
ಕವರಿನ ಮೂಲೆಯಲ್ಲಿ ಏಳುತ್ತದೆ.

ಉತ್ತರಗಳು ಸರಿಯಾಗಿ ಇಲ್ಲಿಗೇ ಬರುತ್ತವೆ.
ಒಂದೇ ಒಂದು ಕಾಗದ
ಬಿಕಾನೇರಿಗೆ ಹೋಗಿ, ಹದಿನೇಳು ದಿನ ತಿರುಗಿ,
ಮರಳು ಮರಳಾಗಿ ಮರಳಿತ್ತು.
ಅದು ಪಿನ್‌ಕೋಡಿನ ತಪ್ಪು.