ಹತ್ತೊಂಬತ್ತು ಈರುಳ್ಳಿ

ಎಸ್ಟೋನಿಯಾದ ಈ ಕಡೇ ಅಂಚಿಗೆ ಪೈಪ್ಸಿ ಸರೋವರ,
ಆಚೆ ದಡ ಕಾಣದು. ಈರುಳ್ಳಿ ಹಬ್ಬ, ಮಧ್ಯಾಹ್ನ ಮೂರು,
ಮೀನು ಸುಡುವ ಹೊಗೆ ನೇರ ವೇದಿಕೆಗೇ.
ವೇದಿಕೆಯೆಂದರೆ ಟ್ರ್ಯಾಕ್ಟರಿನ ಟ್ರೇಲರು, ಮೇಲೆ ಹಲಗೆ,
ಹಲಗೆಯ ಸಂದಿನಲ್ಲಿ ಹೋದ ವರ್ಷದ ಸಿಪ್ಪೆ.

ನಾವು ಏಳು ಜನ.
ಟ್ರಂಪೆಟ್ಟಿಗೆ ಹಲ್ಲಿನ ಡಾಕ್ಟರು ಹೆಲ್ದುರ್,
ಅವನು ಕಟ್ಟಿದ ಹಲ್ಲುಗಳೇ ಮುಂದಿನ ಸಾಲಲ್ಲಿ ಕೂತು ನಗುತ್ತಿವೆ.
ಶಾಲಾ ಬಸ್ಸಿನ ಊಕು, ಅವನಿಗಿಂತ ಒಂದು ಗೇಣು ಎತ್ತರ ಅವನ ಬಾಸು.
ಡ್ರಮ್ಮಿಗೆ ಮಾರ್ಫಾ. ಅವಳ ಅಜ್ಜಿ ಹಳೇ ಮಡಿಯವರು,
ಮನೆಯೊಳಗೆ ವಾದ್ಯ ಕೂಡದು;
ಸೌತೆ ಉಪ್ಪಲ್ಲಿ ಹಾಕುವ ಪೀಪಾಯಿ ಅಂತ ಹೇಳಿ
ಒಂದೊಂದೇ ಡ್ರಮ್ಮನ್ನು ಒಳಗೆ ಸಾಗಿಸಿದ್ದಳಂತೆ.
ಉಳಿದ ಮೂವರು ಇವತ್ತು ಇಸ್ತ್ರಿ ಅಂಗಿ ಹಾಕಿದ್ದಕ್ಕೆ
ನನಗೇ ಗುರುತು ಹತ್ತಲಿಲ್ಲ.

ನಾನು ಅಂಚೆಯವಳು. ಕ್ಲಾರಿನೆಟ್.
ನನ್ನ ಪಾಲಿಗೆ ಎಂಟು ಅಳತೆಯ ಸೋಲೋ, ಅಷ್ಟೇ.
ಹನ್ನೊಂದು ವಾರ ನುಡಿಸಿದ್ದೆ ಅಂಚೆ ವ್ಯಾನಿನಲ್ಲಿ
ಗಾಜು ಏರಿಸಿ, ಒಂದು ವಿಳಾಸಕ್ಕೂ ಇನ್ನೊಂದಕ್ಕೂ ನಡುವೆ.
ನಲವತ್ತೆರಡನೇ ಮನೆಯ ನಾಯಿಗೆ ಅದು ಬಾಯಿಪಾಠ.

ಎರಡನೇ ಹಾಡಿಗೆ ಹಿಂದುಗಡೆ ಈರುಳ್ಳಿ ಲಾರಿ
ರಿವರ್ಸು ಬರತೊಡಗಿತು. ಬೀಪ್, ಬೀಪ್.
ಹೆಲ್ದುರ್ ಕಣ್ಣು ಕೆಕ್ಕರಿಸಿದ. ಮಾರ್ಫಾ ಮಾತ್ರ
ಒಂದು ಗಳಿಗೆ ತಲೆ ವಾಲಿಸಿ ಕೇಳಿ
ಲಾರಿಯ ಲಯಕ್ಕೇ ಕೋಲು ಇಳಿಸಿದಳು.

ನಾನು ಗಾಬರಿಗೆ ಒಂದು ಅಳತೆ ಮೊದಲೇ ನುಗ್ಗಿದೆ.
ನುಗ್ಗಿದ ಮೇಲೆ ಗೊತ್ತಾಯಿತು. ಬೆನ್ನಲ್ಲಿ ಬೆವರು.
ಊಕು ನನ್ನ ಕಡೆ ನೋಡಲೂ ಇಲ್ಲ;
ಕೆಸರಿನ ತಿರುವಿನಲ್ಲಿ ಬಸ್ಸು ಹೊರಳಿಸುವ ಹಾಗೆ
ಇಡೀ ಹಾಡನ್ನು ನನ್ನ ಕಡೆಗೆ ಹೊರಳಿಸಿದ,
ಒಂದು ಮಗುವಿನ ಚೀಲವೂ ಸೀಟಿನಿಂದ ಜಾರಲಿಲ್ಲ.

ಹನ್ನೊಂದು ವಾರದ್ದು ಒಂದೂ ಕೈಗೆ ಬರಲಿಲ್ಲ.
ಸಿಕ್ಕಿದ್ದು ಲಾರಿಯ ಸ್ವರ. ಅದನ್ನೇ ಹಿಡಿದು ನಿಂತೆ,
ಸಹಿ ಬೇಕಾದ ಕಾಗದ ಕೈಯಲ್ಲಿಟ್ಟುಕೊಂಡು
ಬಾಗಿಲ ಮುಂದೆ ನಿಲ್ಲುವ ಹಾಗೆ:
ಒಳಗೆ ಯಾರೋ ಇದ್ದಾರೆ, ಚಪ್ಪಲಿ ಹುಡುಕುತ್ತಿದ್ದಾರೆ, ಬರುತ್ತಾರೆ.
ಬಂದ. ಹೆಲ್ದುರ್, ಟ್ರಂಪೆಟ್ಟಿನ ಬಾಯಿಗೆ ಹ್ಯಾಟು ಮುಚ್ಚಿ,
ಮೆಲ್ಲಗೆ, ಈಗಷ್ಟೇ ಎದ್ದವನ ದನಿಯಲ್ಲಿ.

ಆಮೇಲೆ ಜನ ಕೈ ಆಡಿಸಿದರು,
ಚಪ್ಪಾಳೆಗೋ ಹೊಗೆ ಓಡಿಸಲಿಕ್ಕೋ.
ಸಂಭಾವನೆ: ಈರುಳ್ಳಿಯ ಒಂದು ಜಡೆ. ಎಣಿಸಿದರೆ ಹತ್ತೊಂಬತ್ತು.
ತಲೆಗೆ ಎರಡೆರಡು ಹಂಚಿ, ಉಳಿದ ಐದಕ್ಕೆ
ಟ್ರೇಲರಿನ ಮೇಲೇ ಜಗಳ.
ಮಾರ್ಫಾ ಐದನ್ನೂ ಚೀಲಕ್ಕೆ ಇಳಿಸಿದಳು.
ತನ್ನ ಹೊಲದ್ದೇ ಅಂತೆ, ಗಂಟಿನ ಗುರುತು ಇದೆಯಂತೆ.

ಸೋಮವಾರ ನಲವತ್ತೆರಡನೇ ಮನೆಯ ಮುಂದೆ
ವ್ಯಾನು ಹಿಂದಕ್ಕೆ ತೆಗೆದೆ. ಹಳೇ ವ್ಯಾನು, ಬೀಪಿಲ್ಲ.
ನಾನೇ ಬಾಯಲ್ಲಿ ಹೇಳಿಕೊಂಡೆ.
ನಾಯಿ ತಲೆ ಓರೆ ಮಾಡಿ ನೋಡಿತು.
ಇದು ಅದರ ಪಾಠದಲ್ಲಿ ಇರಲಿಲ್ಲ.