ಶ್ರುತಿಯೊಳಗಿನ ತೋಳ

ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಎನ್ನುತ್ತಾಳೆ
ನೋವಿನ ಕ್ಲಿನಿಕ್ಕಿನ ಹುಡುಗಿ, ಪೆನ್ನು ಹಿಡಿದು.
ಮೂವತ್ತೊಂದು ವರ್ಷ ತ್ರಿಯೆಸ್ತೆಯ ಪಿಯಾನೋಗಳಿಗೆ
ಶ್ರುತಿ ಕೂರಿಸಿದವಳು ನಾನು, ನೆರೀನಾ ಜೆರ್ಮೆಕ್.
ನಾನೂರ ನಲವತ್ತು, ಅಂದೆ.
ಅವಳು ನಗಲಿಲ್ಲ. ಆರು ಎಂದು ಬರೆದುಕೊಂಡಳು.

ಗಡ್ಡೆ ಹೋಗಿ ನಾಲ್ಕು ವರ್ಷ. ಆ ಔಷಧಿ
ಹನಿಹನಿಯಾಗಿ ಇಳಿದು, ಕೊಲ್ಲಬೇಕಾದ್ದನ್ನು ಕೊಂದು,
ಹೊರಡುವಾಗ ನನ್ನ ಬೆರಳ ತುದಿಗಳಲ್ಲಿ
ದೀಪ ಆರಿಸುವುದನ್ನು ಮರೆತುಹೋಯಿತು.
ಉರಿ. ಜೋಮು. ಎರಡೂ ಒಟ್ಟಿಗೆ ಬರಬಾರದೆಂದು
ಯಾರು ಹೇಳಿದ್ದು?
ಅಂಗಿಯ ಗುಂಡಿ ಎಲ್ಲಿದೆಯೆಂದು ತಿಳಿಯದ ಬೆರಳಿಗೆ
ಹೊದಿಕೆಯ ನೂಲು ಮಾತ್ರ ಮುಳ್ಳು.

"ವಾಸಿಯಾಯ್ತಲ್ಲ!" ಎನ್ನುತ್ತಾನೆ ಕಾಫಿ ಅಂಗಡಿಯ ದುಯಿಲಿಯೊ,
ಕಪ್ಪು ಕಾಫಿಯನ್ನು ನನ್ನತ್ತ ಸರಿಸುತ್ತ.
ಆಯ್ತು, ದುಯಿಲಿಯೊ.
ಮನೆಗೆ ಬೆಂಕಿ ಬಿತ್ತು, ಆರಿತು, ಗೋಡೆ ನಿಂತಿದೆ.
ಈಗ ಹೊಗೆಯ ವಾಸನೆಯೊಳಗೆ ಸಂಸಾರ, ಅಷ್ಟೇ.
ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದೆ. ಅವನು ನೋಡಲಿಲ್ಲ.

ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಎರಡು.
ಹೆಚ್ಚು ಮಾಡಿದ ವಾರ ನೋವಿನ ಜೊತೆ
ನನ್ನ ಕಿವಿಯೂ ಮಲಗಿತು; ಬೇಡವೆಂದೆ, ಇಳಿಸಿದರು.
ದಿನಕ್ಕೆ ಹತ್ತು ನಿಮಿಷ ಬೀನ್ಸ್ ಕಾಳಿನ ಬೋಗುಣಿಯಲ್ಲಿ
ಕೈ ಹೂತು ಆಡಿಸಬೇಕು:
ಚರ್ಮಕ್ಕೆ ಮತ್ತೆ ಅಕ್ಷರಾಭ್ಯಾಸ.
ಶನಿವಾರ ಅದೇ ಕಾಳು ಹುಳಿ ಕೋಸಿನ ಜೊತೆ ಒಲೆಯ ಮೇಲೆ.
ವಾರವಿಡೀ ನನ್ನ ಉರಿ ಉಂಡ ಕಾಳು
ಬೇಗ ಬೇಯಬೇಕಿತ್ತು. ಬೇಯುವುದಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಗುಟ್ಟಿದೆ:
ಪಿಯಾನೋ ಎಂದೂ ಪೂರ್ತಿ ಶ್ರುತಿಗೆ ಬರುವುದಿಲ್ಲ.
ಹನ್ನೆರಡು ಪಂಚಮಗಳನ್ನು ಶುದ್ಧವಾಗಿ ಒಂದರ ಮೇಲೊಂದು ಪೇರಿಸಿದರೆ
ಕೊನೆಗೆ ಒಂದು ಚೂರು ಉಳಿಯುತ್ತದೆ,
ಎಲ್ಲಿಯೂ ಕೂರದ ಚೂರು.
ಹಳಬರು ಅದನ್ನು ಒಂದೇ ಮೂಲೆಗೆ ತಳ್ಳುತ್ತಿದ್ದರು;
ಆ ಮೂಲೆ ಮುಟ್ಟಿದರೆ ಊಳಿಡುತ್ತಿತ್ತು,
ತೋಳವೆಂದೇ ಅದಕ್ಕೆ ಹೆಸರು.
ನಾವು ಹಾಗೆ ಮಾಡುವುದಿಲ್ಲ.
ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ,
ನಾವು ತೋಳವನ್ನೇ ಹಂಚುತ್ತೇವೆ, ಪಂಚಮಕ್ಕೊಂದು ಕೂದಲು.
ಎಲ್ಲವೂ ಎಳ್ಳಷ್ಟು ತಪ್ಪು.
ಹಾಗಾಗಿ ಎಲ್ಲವನ್ನೂ ನುಡಿಸಬಹುದು.

ನಲವತ್ತು ನಿಮಿಷ ಕೆಲಸ, ಇಪ್ಪತ್ತು ನಿಮಿಷ ಉಣ್ಣೆಯ ಗವಸು.
ದೊಡ್ಡ ಪಿಯಾನೋ ಸೋಮವಾರ ಮಾತ್ರ. ಪಾತ್ರೆ ನಾಳೆ.
ಸಂಜೆಯೊಂದಕ್ಕೇ ಬಿಟ್ಟರೆ ಸಂಜೆ ನನ್ನನ್ನು ತಿನ್ನುತ್ತದೆ.

ಕೆಲವು ರಾತ್ರಿ ಈ ಲೆಕ್ಕವೆಲ್ಲ ಸುಳ್ಳು.
ತೋಳ ಇಡಿಯಾಗಿ ಬರುತ್ತದೆ, ಬಾಲ ಸಮೇತ.
ಬಚ್ಚಲ ನೆಲದಲ್ಲಿ ಕೂತು ಬೈಯುತ್ತೇನೆ,
ಮೊದಲು ಇಟಾಲಿಯನ್ನಿನಲ್ಲಿ, ಆಮೇಲೆ ಅಮ್ಮನ ಸ್ಲೊವೀನಿನಲ್ಲಿ.
ಅದರಲ್ಲಿ ಬೈಗುಳ ಕಡಿಮೆ, ದೇವರು ಜಾಸ್ತಿ.

ಇವತ್ತು ಒಪಿಚೀನದ ಶಾಲೆಗೆ ಹೋಗಿದ್ದೆ.
ಕೀಲಿ ಎರಡು ಸಲ ಜಾರಿ ಬಿತ್ತು; ತಂತಿ ನಡುಗುವುದು
ಬೆರಳಿಗೆ ಕೇಳಲಿಲ್ಲ.
ಯಾರೂ ಇಲ್ಲದ್ದು ನೋಡಿ ಶ್ರುತಿಕವೆಯನ್ನು ಹಲ್ಲಲ್ಲಿ ಕಚ್ಚಿದೆ.
ಬಂತು. ದವಡೆಯಿಂದ, ತಲೆಬುರುಡೆಯ ಹಿಂದಿನಿಂದ,
ಮದುವೆಗೆ ಹಿತ್ತಲ ಬಾಗಿಲಿಂದ ಬಂದ ನೆಂಟನ ಹಾಗೆ.
ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ, ಬಾಯಿ ತೆರೆದು.
ಅವನಿಗೂ ಒಮ್ಮೆ ಕಚ್ಚಲು ಕೊಟ್ಟೆ, ಒರೆಸಿ.

ಮರಳುವಾಗ ಬೋರಾ ಗಾಳಿ ಎದ್ದಿತ್ತು.
ಇಳಿಜಾರಿನಲ್ಲಿ ಹಳೇ ಕಾಲದಂತೆ ಹಗ್ಗ ಕಟ್ಟಿದ್ದರು.
ಎಲ್ಲರೂ ಮುಂದೆ ನೋಡುತ್ತ ಹಗ್ಗ ಹಿಡಿದು ನಡೆದರು.
ನಾನು ಮಾತ್ರ ಹೆಜ್ಜೆಗೊಮ್ಮೆ ತಲೆ ಬಗ್ಗಿಸಿ
ನನ್ನ ಕೈಯನ್ನು ನೋಡಬೇಕು,
ಹಿಡಿದಿದ್ದೇನೆಯೇ ಎಂದು.
ಹಿಡಿದಿತ್ತು.
ಮುಂದಿನ ಹೆಜ್ಜೆಗೆ ಮತ್ತೆ ನೋಡಿದೆ.