‘ಏಕೆ’ಯನ್ನು ಮೊದಲು ಅಳಿಸು

ಬಾ ತಾನೆಲ್, ಹಿಮ ಹೊರಗೇ ಒದರಿ ಬಾ.
ಈ ನೆಲಮಾಳಿಗೆಗೆ ಇರುವುದೊಂದೇ ಹೀಟರು, ಅದೂ ನನ್ನ ಕಾಲಡಿ.
ಏನು ಬರೆದಿದ್ದೀಯ, ನೋಡೋಣ:
“ಈರುಳ್ಳಿ ಸುಟ್ಟ ಉಣ್ಣೆಯಂತೆ ಏಕೆ ನಾರುತ್ತದೆ?”
ಸಿಕ್ಕದ್ದು ಎರಡು ಲಕ್ಷ ಚಿಲ್ಲರೆ.
ಒಂದಿಷ್ಟು ಈರುಳ್ಳಿ ಸಿಪ್ಪೆಯ ಜೀವಕೋಶ,
ಒಂದಿಷ್ಟು ಉಣ್ಣೆ ಗಿರಣಿಯವರ ಶ್ವಾಸಕೋಶ.

ಇದು ಅವಳ ಮಾತು, ಅಲ್ಲವೆ?
ಪೇಯ್ಪ್ಸಿ ಸರೋವರದ ದಡದ ಅವ್ದೋತ್ಯಾ,
ಐವತ್ತು ವರ್ಷ ಈರುಳ್ಳಿ ಪಾತಿಗೆ ಬಾಗಿದ ಮೂಗು.
ಆ ಮಾತನ್ನು ಹಾಗೇ ಬರೆದಿಟ್ಟುಕೋ, ಕಳೆಯಬೇಡ.
ಆದರೆ ಈ ಭಂಡಾರಕ್ಕೆ ಕಿವಿಯಿಲ್ಲ ಮಾರಾಯ,
ಇರುವುದು ಬರೀ ಚೀಟಿ.
ಚೀಟಿ ಅಂಟಿಸಿದವನ ನಾಲಗೆಯಲ್ಲೇ ಕೇಳಬೇಕು.

‘ಏಕೆ’ಯನ್ನು ಮೊದಲು ಅಳಿಸು.
ಈರುಳ್ಳಿ ಹೋಗಲಿ. ಉಣ್ಣೆಯೂ.
ವಾಸನೆಗೆ ಅವರಿಟ್ಟ ಹೆಸರು ‘ಘ್ರಾಣ’, ಬರೆ,
ಬಾಲದಲ್ಲೊಂದು ನಕ್ಷತ್ರ ಹಚ್ಚು,
ಬಳಗವೆಲ್ಲ ತಾನೇ ಎದ್ದು ಬರುತ್ತದೆ.
ಈಗಿನ ಹೆಸರು, ‘ಅಥವಾ’, ಅಜ್ಜಂದಿರ ಕಾಲದ ಹೆಸರು.
ಕಾಯಿಲೆಯೂ ನನ್ನ ಹಾಗೆ:
ಎರಡು ಮದುವೆ, ಮೂರು ಮನೆತನದ ಹೆಸರು,
ಹಳೇ ಕಾಗದ ಈಗಲೂ ಹಳೇ ಹೆಸರಿಗೇ ಬರುತ್ತದೆ.
ಕಂಸ ಹಾಕು, ಇಲ್ಲದಿದ್ದರೆ ಕಚ್ಚಾಡುತ್ತವೆ.
‘ಮತ್ತು’ ಜಿಪುಣ, ಇರಲಿ.
‘ಅಲ್ಲ’ವನ್ನು ಮಾತ್ರ ಮುಟ್ಟಬೇಡ.

ಒಮ್ಮೆ ‘ನೆಗಡಿ ಅಲ್ಲ’ ಎಂದು ಹೊಡೆದೆ.
“ಇವಳಿಗೆ ನೆಗಡಿ ಇರಲಿಲ್ಲ” ಎಂದಿದ್ದ ಪ್ರಬಂಧವೂ
ನೆಗಡಿಯ ಹೆಸರೆತ್ತಿದ ತಪ್ಪಿಗೆ ಹೊರಗೇ ನಿಂತಿತು,
ನನಗೆ ಬೇಕಾದದ್ದು ಅದೊಂದೇ.
ಹನ್ನೊಂದು ದಿನ ಹೋಯಿತು.
ಆ ರೋಗಿಯ ಹೆಸರು ಹೇಳಲಾರೆ.

ಹಾಂ, ಮೂವತ್ತನಾಲ್ಕು. ಇಷ್ಟನ್ನು ಮನುಷ್ಯರು ಓದಬಹುದು.
ಇಪ್ಪತ್ತನೆಯದರ ಬುಡಕ್ಕೆ ಹೋಗು,
ಅವನು ಯಾರನ್ನು ಓದಿದ್ದ, ನೋಡು.
ಅಲ್ಲಿಂದ ಹಿಂದಕ್ಕೆ. ಐವತ್ತೆಂಟನೇ ಇಸವಿ,
ಓರೆಯಾಗಿ ಸ್ಕ್ಯಾನಾದ ಪುಟ,
ಅಂಚಿನಲ್ಲಿ ಯಾರದೋ ಹೆಬ್ಬೆರಳು.
ಬೇಕರಿಯ ಹೆಂಗಸೊಬ್ಬಳು,
ಹಿಟ್ಟು ರಬ್ಬರಿನಂತೆ ನಾರುತ್ತಿತ್ತಂತೆ.
ಓದು, ಗಟ್ಟಿಯಾಗಿ:
“ಪ್ರತಿ ಸಲವೂ ಒಂದೇ ನಿಮಿಷ. ಅಷ್ಟರಲ್ಲಿ ಎಡಗೈ
ಅಂಗಿಯ ಗುಂಡಿ ತಡಕುತ್ತದೆ. ಅವಳಿಗೆ ತಿಳಿಯದು.”

ಯಾಕೆ ಸುಮ್ಮನಾದೆ?
ಅವ್ದೋತ್ಯಾಳಿಗೆ ಎಷ್ಟು ಹೊತ್ತು ನಾರುತ್ತದೆ?
ಕೇಳಲಿಲ್ಲ.
ಆಗ ಅವಳ ಕೈ?

ಹೋಗು. ಲಿಫ್ಟು ಕೆಟ್ಟಿದೆ, ಮೆಟ್ಟಿಲು ಹತ್ತು.
ಹುಡುಕಿದ ಸಾಲನ್ನು ತಾರೀಖು ಹಾಕಿ ಬರೆದಿಡುತ್ತೇನೆ,
ಕಂಸ, ನಕ್ಷತ್ರ ಸಮೇತ.
ಕೋಟು ಇಲ್ಲೇ ಇರಲಿ, ಒಣಗುತ್ತದೆ.
ಅವಳು ಮಲಗಿದ್ದರೆ ಎಬ್ಬಿಸಬೇಡ,
ಪಕ್ಕದಲ್ಲೇ ಕೂತು ಕೈ ನೋಡುತ್ತಿರು.